ಕಣ್ಣಿಗೂ ಕಾಪು, ಕಿವಿಗೂ ಕಾಪು

ಕಣ್ಣಿಗೆ ರೆಪ್ಪೆಯೆಂಬ ಬಾಗಿಲುಂಟು, ಕಿವಿಗೆ ಬಾಗಿಲಿಲ್ಲ. ಬೇಡವಾದುದನ್ನು ನೋಡದಿರಲು ನಾವು ಕಣ್ಣು ಮುಚ್ಚಿಕೊಳ್ಳಬಹುದು; ಬೇಡವಾದುದನ್ನು ಕೇಳದಿರಬೇಕಾದರೆ ಎರಡು ಕೈಗಳ ನೆರವನ್ನು ಬೇಡಬೇಕಾಗುತ್ತದೆ. ನಾವು ನಿದ್ದೆಹೋದಾಗಲೂ ಕಿವಿ ತೆರೆದೇ ಇರುತ್ತದೆ. ಬೆಳಗಿನ ಜಾವ ತಾಯಿ ನಮ್ಮನ್ನು ಎಬ್ಬಿಸುವುದು ಆ ದಾರಿಯಿಂದಲೇ. ಶಾಲೆಯಲ್ಲಿ ಅಧ್ಯಾಪಕರು ಕರಿಹಲಗೆಯ ಮೇಲೆ ಬರೆದುದು ಕಣ್ಣಿನ ಮೂಲಕವೂ, ಬಾಯಿಂದ ಹೇಳಿದುದು ಕಿವಿಯ ಮೂಲಕವೂ ನಿಮ್ಮನ್ನು ಸೇರುತ್ತವೆ. ವಿದ್ಯೆಯ ಬಹುಭಾಗವು ಈ ಎರಡು ಹಾದಿಗಳಿಂದಲೇ ಒಳಗೆ ಬರುವುದರಿಂದ, ಅವನ್ನು ಕಾಯುವುದು ಹೇಗೆಂಬ ವಿಚಾರವು ವಿದ್ಯಾರ್ಥಿಗಳಾದ ನಿಮಗೆ ಹೊರಗಿನದೇನೂ ಅಲ್ಲ.

ಪ್ರಕೃತಿಯು ಇವೆರಡಕ್ಕೂ ಕಾವಲನ್ನಿರಿಸದೆ ಬಿಟ್ಟಿಲ್ಲ. ಧೂಳು ಹಾರಿಬಂದರೆ ನಾವು ಯೋಚಿಸುವ ಮೊದಲೇ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಕಿವಿಯ ಒಳಗೂ, ಹೊರಗಿನವರ ಕಣ್ಣಿಗೆ ಬೀಳದಂತೆ, ಒಬ್ಬ ಕಾವಲುಗಾರನಿದ್ದಾನೆ. ಕಿವಿದಮಟೆಯ ಆಚೆಗೆ ಮೂರು ಪುಟ್ಟ ಮೂಳೆಗಳ ಒಂದು ಸರಪಳಿಯುಂಟು. ಅವುಗಳಲ್ಲಿ ಕೊನೆಯದಾದ ಸ್ಟೇಪಿಸ್ ಎಂಬುದು ನಮ್ಮ ದೇಹದಲ್ಲಿಯೇ ಅತಿ ಚಿಕ್ಕ ಮೂಳೆ. ದೊಡ್ಡ ಸದ್ದು ಕೇಳಿಬಂದಾಗ ಅದಕ್ಕೆ ಅಂಟಿಕೊಂಡಿರುವ ಸ್ನಾಯು ಬಿಗಿದು, ಸರಪಳಿಯನ್ನು ಹಿಡಿದು ನಿಲ್ಲಿಸಿ, ಒಳಗೆ ಹೋಗುವ ಸದ್ದನ್ನು ಕೊಂಚ ತಗ್ಗಿಸುತ್ತದೆ. ಆದರೆ ರೆಪ್ಪೆಯು ಪೂರ್ತಿಯಾಗಿ ಮುಚ್ಚಲು ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಹೊತ್ತು ಬೇಕು; ಕಿವಿಯ ಸ್ನಾಯು ಬಿಗಿಯಲು ಸೆಕೆಂಡಿನ ನೂರರಲ್ಲಿ ಕೆಲವು ಪಾಲಾದರೂ ಬೇಕು. ಬಂದೂಕಿನ ಸದ್ದಾದರೋ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅವಧಿಯಲ್ಲಿ ತನ್ನ ತುತ್ತತುದಿಯನ್ನು ಮುಟ್ಟಿಬಿಡುತ್ತದೆ. ಕಾವಲುಗಾರರಿಬ್ಬರೂ ಎದ್ದು ಕೋಲು ಹಿಡಿಯುವಷ್ಟರಲ್ಲಿ ಕಳ್ಳನು ಮನೆಯನ್ನು ದೋಚಿಕೊಂಡು ಹೋಗಿರುತ್ತಾನೆ. ಪ್ರಕೃತಿಯ ಏರ್ಪಾಡು ಗಾಳಿ, ಧೂಳು, ಗುಡುಗುಗಳಿಗೆ ತಕ್ಕದ್ದು. ಬಂದೂಕನ್ನು ಮಾಡಿದವನು ಮನುಷ್ಯ. ಆದುದರಿಂದ ಅದಕ್ಕೆ ತಕ್ಕ ಕಾಪನ್ನೂ ಅವನೇ ಮಾಡಿಕೊಳ್ಳಬೇಕಾಯಿತು.

ಈ ಸಂಗತಿಗಳು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತದ್ದು ಕಳೆದ ಚಳಿಗಾಲದಲ್ಲಿ, ನಮ್ಮ ಎನ್.ಸಿ.ಸಿ. ವಿದ್ಯಾರ್ಥಿಗಳ ಜೊತೆಯಲ್ಲಿ ಫೈರಿಂಗ್ ರೇಂಜಿಗೆ ಹೋದಾಗ. 1948ರ ಕಾಯಿದೆಯಿಂದ ಹುಟ್ಟಿದ ಎನ್.ಸಿ.ಸಿ.ಯಲ್ಲಿ ಕವಾಯತಿನಂತೆಯೇ ಗುರಿಹೊಡೆತವೂ ಶಿಕ್ಷಣದ ಒಂದು ಅಂಗವೆಂಬುದನ್ನು ನೀವು ಬಲ್ಲಿರಿ. ಶಾಲೆಯ ಮಕ್ಕಳ ಕೈಗೆ ಬರುವುದು ‘ಪಾಯಿಂಟ್ ಟೂ ಟೂ’ ಎಂದು ಕರೆಯಲಾಗುವ ಚಿಕ್ಕ ರೈಫಲ್. ಅದರ ಗುಂಡಿನ ಅಡ್ಡಳತೆ ಅಂಗುಲದ ನೂರರಲ್ಲಿ ಇಪ್ಪತ್ತೆರಡು ಪಾಲು, ಎಂದರೆ ಸುಮಾರು ಐದೂವರೆ ಮಿಲಿಮೀಟರು. ಮುಂಬಯಿಯ ಬೆಳಗಿನ ಲೋಕಲ್ ಗಾಡಿಯಲ್ಲಿ ಕುಳಿತ ಹುಡುಗರ ಬಾಯಲ್ಲಿ ಅಂದು ಬೇರೆ ಮಾತೇ ಇರಲಿಲ್ಲ. ಮೈದಾನವನ್ನು ಸೇರಿದಾಗ ದೂರದ ತುದಿಯಲ್ಲಿ ಎತ್ತರವಾದ ಮಣ್ಣಿನ ದಿಬ್ಬ, ಅದರ ಮುಂದೆ ಗುರಿಹಲಗೆಗಳು, ಈಚೆಗೆ ತಗಡಿನ ಮಾಡಿನ ಕೆಳಗೆ ಮಲಗಿ ಗುಂಡು ಹೊಡೆಯಲು ಹಾಸಿದ ಚಾಪೆಗಳ ಸಾಲು, ಪಕ್ಕದಲ್ಲಿ ಕೆಂಪು ಬಾವುಟ ಕಾಣಿಸಿದವು. ಶಿಕ್ಷಣ ಕೊಡುವ ಹವಾಲ್ದಾರರು ಮೊದಲು ತೆರೆದದ್ದು ರೈಫಲ್ಲಿನ ಪೆಟ್ಟಿಗೆಯನ್ನಲ್ಲ, ಬೇರೊಂದು ಪೆಟ್ಟಿಗೆಯನ್ನು. ಅದರಲ್ಲಿ ರಕ್ಷಣೆಯ ಕನ್ನಡಕಗಳೂ, ಕಿವಿಗಳೆರಡನ್ನೂ ಬಟ್ಟಲಿನಂತೆ ಮುಚ್ಚುವ ಇಯರ್ ಮಫ್‌ಗಳೂ, ಮೆತ್ತನೆಯ ಸ್ಪಂಜಿನಂತಹ ಇಯರ್ ಪ್ಲಗ್‌ಗಳೂ ಇದ್ದವು. ಹುಡುಗರ ಮುಖ ತುಸು ಬಾಡಿತು. ಮೊದಲು ಕಣ್ಣು ಕಿವಿ, ಆಮೇಲೆ ರೈಫಲ್ ಎಂದು ಹವಾಲ್ದಾರರು ಹಿಂದಿಯಲ್ಲಿ ಹೇಳಿ, ಒಂದೊಂದನ್ನೇ ಕೈಯಲ್ಲಿ ಹಿಡಿದು ವಿವರಿಸತೊಡಗಿದರು.

ಕಣ್ಣಿಗೆ ಬರುವ ಕೇಡು ಗುಂಡಿನಿಂದಲ್ಲ. ಗುಂಡು ಮುಂದಕ್ಕೆ ಹೋಗುತ್ತದೆ. ಕೇಡು ಹಿಂದಕ್ಕೆ ಬರುವ ವಸ್ತುಗಳಿಂದ. ಗುಂಡು ಹಾರಿದ ಮೇಲೆ ರೈಫಲ್ಲಿನ ಬೋಲ್ಟನ್ನು ಎಳೆದಾಗ ಖಾಲಿಯಾದ ಹಿತ್ತಾಳೆಯ ತೋಟೆ, ಹವಾಲ್ದಾರರ ಮಾತಿನಲ್ಲಿ ‘ಖೋಕಾ’, ಬಿಸಿಯಾಗಿಯೇ ಹೊರಕ್ಕೆ ಚಿಮ್ಮುತ್ತದೆ. ಅದು ಹೋಗಿ ಬೀಳುವುದು ಪಕ್ಕದ ಚಾಪೆಯವನ ಕಡೆಗೆ. ಉರಿಯದೆ ಉಳಿದ ಮದ್ದಿನ ಕಣಗಳು ಹಾರಬಹುದು. ಅಪರೂಪಕ್ಕೊಮ್ಮೆ ತೋಟೆಯೇ ಸೀಳಿ ಬಿಸಿಗಾಳಿಯೂ ಲೋಹದ ಚೂರೂ ಹಿಂದಕ್ಕೆ ನುಗ್ಗುವುದುಂಟು. ಗಟ್ಟಿಯಾದ ವಸ್ತುವಿಗೆ ತಗುಲಿದ ಸೀಸದ ಗುಂಡು ಪುಡಿಯಾಗಿ ಹಿಂದಕ್ಕೆ ಸಿಡಿಯುವುದೂ ಉಂಟು. ಇವುಗಳಲ್ಲಿ ಯಾವುದೂ ಕೈಗೋ ಬೆನ್ನಿಗೋ ತಗುಲಿದರೆ ದೊಡ್ಡ ಮಾತಲ್ಲ; ಕಣ್ಣಿಗೆ ತಗುಲಿದರೆ ಜೀವಮಾನದ ಮಾತು. ಓದುವ ಕನ್ನಡಕವಿದ್ದರೆ ಸಾಲದೆ ಎಂದು ಕೆಲವರು ಕೇಳುವರು. ಸಾಲದು. ಅದರ ಬದಿಗಳು ತೆರೆದಿರುತ್ತವೆ, ಗಾಜಿನದಾದರೆ ಒಡೆದು ಅದೇ ಚೂರಾಗಿ ಕಣ್ಣನ್ನು ಹೊಗುತ್ತದೆ. ರಕ್ಷಣೆಯ ಕನ್ನಡಕಗಳನ್ನು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. 1953ರಲ್ಲಿ ಜರ್ಮನಿಯಲ್ಲಿಯೂ ಅಮೆರಿಕದಲ್ಲಿಯೂ ಬೇರೆ ಬೇರೆಯಾಗಿ ಕಂಡುಹಿಡಿಯಲ್ಪಟ್ಟ ಈ ವಸ್ತು ಪೆಟ್ಟು ಬಿದ್ದರೆ ಬಾಗೀತೇ ಹೊರತು ಸುಲಭವಾಗಿ ಒಡೆಯದು. ‘ಝಡ್ 87 ಪ್ಲಸ್’ ಎಂಬ ಅಮೆರಿಕದ ಗುರುತನ್ನು ಪಡೆಯಬೇಕಾದರೆ 6.35 ಮಿಲಿಮೀಟರ್ ದಪ್ಪದ ಉಕ್ಕಿನ ಗೋಲಿಯೊಂದು ಸೆಕೆಂಡಿಗೆ ಸುಮಾರು 45 ಮೀಟರ್ ವೇಗದಿಂದ ಬಂದು ಬಡಿದರೂ ಅದು ತಡೆದುಕೊಳ್ಳಬೇಕು.

ಕಿವಿಗೆ ಬರುವ ಕೇಡನ್ನು ಅರಿಯಲು ಸ್ವಲ್ಪ ಲೆಕ್ಕ ಬೇಕು. ಸದ್ದನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ನಾವು ಎದುರುಬದುರು ಕುಳಿತು ಮಾತಾಡುವ ಸದ್ದು ಸುಮಾರು 60 ಡೆಸಿಬೆಲ್. ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವನ ಕಿವಿ 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿರಬಾರದೆಂದು ಪರಿಣತರು ಹೇಳುತ್ತಾರೆ. ಸಿಡಿತದಂತಹ ಸದ್ದಿಗೆ ಅವರು ಹಾಕಿದ ಗೆರೆ 140 ಡೆಸಿಬೆಲ್. ಅದನ್ನು ಮೀರಿದರೆ ಒಂದೇ ಒಂದು ಪೆಟ್ಟು ಕಿವಿಯನ್ನು ಕೆಡಿಸಬಲ್ಲದು. ಮಕ್ಕಳು ಹಿಡಿಯುವ ಚಿಕ್ಕ ರೈಫಲ್ಲಿನ ಸದ್ದು ಸುಮಾರಾಗಿ ಈ ಗೆರೆಯ ಬಳಿಯೇ ಇರುತ್ತದೆ. ದೊಡ್ಡ ರೈಫಲ್ಲುಗಳದು 160ನ್ನೂ ದಾಟುತ್ತದೆ. 60ಕ್ಕೂ 140ಕ್ಕೂ ನಡುವಣ ಅಂತರ ಎರಡರಷ್ಟು ಮಾತ್ರವೆಂದು ಭಾವಿಸಬೇಡಿರಿ. ಈ ಅಳತೆಯಲ್ಲಿ ಹತ್ತು ಮೆಟ್ಟಿಲು ಏರಿದಾಗಲೆಲ್ಲ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಎಂಟು ಸಲ ಹತ್ತು ಹತ್ತು ಮೆಟ್ಟಿಲು ಏರಿದಾಗ ಅದು ಹತ್ತು ಕೋಟಿ ಪಟ್ಟು!

ಈ ಸದ್ದು ಹೋಗಿ ಬಡಿಯುವುದು ಒಳಗಿವಿಯಲ್ಲಿರುವ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಅಂಗಕ್ಕೆ. ಅದರಲ್ಲಿ ಸುಮಾರು 15,000 ಸೂಕ್ಷ್ಮವಾದ ರೋಮಕೋಶಗಳು ಸಾಲಾಗಿ ನಿಂತಿರುತ್ತವೆ. ಬತ್ತದ ಗದ್ದೆಯ ಮೇಲೆ ಗಾಳಿ ಬೀಸಿದರೆ ಪೈರು ಬಾಗಿ ಮತ್ತೆ ಏಳುತ್ತದೆ. ಬಿರುಗಾಳಿ ಬೀಸಿದರೆ ನೆಲ ಹಿಡಿದು ಮಲಗುತ್ತದೆ. ರೋಮಕೋಶಗಳ ಪಾಡೂ ಹಾಗೆಯೇ. ಗದ್ದೆಯಲ್ಲಾದರೆ ಮರುವರ್ಷ ಹೊಸ ಸಸಿ ನೆಡಬಹುದು. ಮನುಷ್ಯನ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಹವಾಲ್ದಾರರ ಪಾಠ ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಕಣ್ಣಿಗೊಂದು ಕಾಪು, ಕಿವಿಗೊಂದು ಕಾಪು, ಎರಡನ್ನೂ ಹಾಕಿಕೊಂಡರಾಯಿತು ಎಂದು ನಾವೆಲ್ಲರೂ ತಿಳಿದಿದ್ದೆವು. ಆದರೆ ಆ ಎರಡು ಕಾಪುಗಳು ಒಂದರೊಡನೊಂದು ಜಗಳವಾಡುತ್ತವೆ ಎಂಬುದು ಮುಖಕ್ಕೆ ಏರಿಸಿದಾಗಲೇ ತಿಳಿದದ್ದು. ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ದಪ್ಪ ಪ್ಲಾಸ್ಟಿಕ್ ಕಡ್ಡಿಗಳ ಕನ್ನಡಕ. ಅದಿಲ್ಲದೆ ಗುರಿಹಲಗೆ ಎಲ್ಲಿದೆಯೆಂದೇ ಅವನಿಗೆ ಕಾಣಿಸದು. ಅದರ ಮೇಲೆ ಮಫ್ ಏರಿಸಿದಾಗ ಕಡ್ಡಿ ಹಾದುಹೋಗುವ ಕಡೆ ಮೆತ್ತೆ ಚರ್ಮಕ್ಕೆ ಅಂಟದೆ ಒಂದು ಸಂದು ಉಳಿಯಿತು. ಹವಾಲ್ದಾರರು ಕಿರುಬೆರಳಿನ ಉಗುರನ್ನು ಆ ಸಂದಿಯಲ್ಲಿ ತೂರಿಸಿ ನಮಗೆಲ್ಲ ತೋರಿಸಿದರು. ಹುಡುಗ ಬುದ್ಧಿವಂತನೇ. “ಕನ್ನಡಕ ತೆಗೆದಿಡುತ್ತೇನೆ ಸರ್, ಆಗ ಮಫ್ ಸರಿಯಾಗಿ ಕೂರುತ್ತದೆ,” ಎಂದನು. ಅವನ ಬಳಿಯಲ್ಲಿದ್ದ ಇನ್ನೊಬ್ಬನು, “ಕನ್ನಡಕ ಇರಲಿ ಸರ್, ಮಫ್ ಬೇಡ, ಚಿಕ್ಕ ರೈಫಲ್ ತಾನೆ?” ಎಂದನು. ಕಣ್ಣನ್ನು ಕೊಟ್ಟು ಕಿವಿಯನ್ನು ಉಳಿಸಿಕೊಳ್ಳುವುದು ಒಬ್ಬನ ಉಪಾಯ. ಕಿವಿಯನ್ನು ಕೊಟ್ಟು ಕಣ್ಣನ್ನು ಉಳಿಸಿಕೊಳ್ಳುವುದು ಮತ್ತೊಬ್ಬನ ಉಪಾಯ. ಹವಾಲ್ದಾರರು ಎರಡನ್ನೂ ಒಪ್ಪಲಿಲ್ಲ.

ಅವರು ಆ ಹುಡುಗನನ್ನೇ ಮುಂದೆ ನಿಲ್ಲಿಸಿಕೊಂಡು ಕ್ರಮವನ್ನು ಕಲಿಸಿದರು. ಮೊದಲು ಪ್ಲಗ್. ಅದನ್ನು ಬೆರಳುಗಳ ನಡುವೆ ಹೊಸೆದು ಬತ್ತಿಯಂತೆ ತೆಳ್ಳಗೆ ಮಾಡಬೇಕು. ಎಡಗೈಯನ್ನು ತಲೆಯ ಮೇಲಿನಿಂದ ತಂದು ಬಲಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದರೆ ಕಿವಿಯ ಕೊಳವೆ ನೆಟ್ಟಗಾಗುತ್ತದೆ. ಆಗ ಬಲಗೈಯಿಂದ ಪ್ಲಗ್ಗನ್ನು ಒಳಗಿಟ್ಟು, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸರಿಯಾಗಿ ಕುಳಿತಾಗ ನಮ್ಮ ದನಿಯೇ ನಮಗೆ ಕೊಡದೊಳಗಿನ ದನಿಯಂತೆ ಕೇಳಿಸುತ್ತದೆ. ಆಮೇಲೆ ಕನ್ನಡಕ. ಓದುವ ಕನ್ನಡಕವುಳ್ಳವನು ಅದನ್ನೂ ಒಳಗೊಳ್ಳುವಂತಹ, ಚಪ್ಪಟೆಯಾದ ಎಲಾಸ್ಟಿಕ್ ಪಟ್ಟಿಯ ಗಾಗಲನ್ನು ಮೇಲೆ ಕಟ್ಟಿಕೊಳ್ಳಬೇಕು; ಹೊಸದನ್ನು ಕೊಳ್ಳುವವನು ತೆಳುವಾದ ಕಡ್ಡಿಗಳದನ್ನು ಕೊಳ್ಳುವುದು ಲೇಸು. ಕಟ್ಟಕಡೆಗೆ ಮಫ್. ಕೂದಲನ್ನೂ ಟೊಪ್ಪಿಗೆಯ ಅಂಚನ್ನೂ ಮೆತ್ತೆಯಿಂದ ಹೊರಗೆ ಸರಿಸಿ, ಕಡ್ಡಿಯ ಸುತ್ತ ಮೆತ್ತೆ ಕೂಡುವಂತೆ ಒತ್ತಿ ನೋಡಬೇಕು. ತೆಗೆಯುವಾಗಲೂ ಹೀಗೆಯೇ: ಎಲ್ಲರ ರೈಫಲ್ಲುಗಳೂ ಖಾಲಿಯಾಗಿ ಕೆಳಗೆ ಇಟ್ಟಾಯಿತೆಂಬ ಅಪ್ಪಣೆ ಬಂದಲ್ಲದೆ ಯಾವುದನ್ನೂ ಮುಟ್ಟುವಂತಿಲ್ಲ. ಗಾಗಲಿನ ಒಳಗೆ ಉಸಿರಿನ ಮಂಜು ಕಟ್ಟಿತೆಂದು ನಡುವೆ ಎತ್ತಿ ಒರೆಸಿಕೊಳ್ಳುವವನ ಕಣ್ಣಿಗೇ ಪಕ್ಕದವನ ಖೋಕಾ ಬಂದು ಬೀಳುವುದು.

ಮಫ್‌ನ ಕೆಳಗೆ ಪ್ಲಗ್ ಏಕೆ ಎಂಬುದಕ್ಕೆ ಅವರು ಮತ್ತೊಂದು ಕಾರಣವನ್ನೂ ತೋರಿಸಿದರು. ಮಲಗಿ ಗುರಿಯಿಡುವಾಗ ಕೆನ್ನೆಯನ್ನು ರೈಫಲ್ಲಿನ ಹಿಡಿಗೆ ಒತ್ತಬೇಕಷ್ಟೆ? ಆಗ ಬಲಗಡೆಯ ಬಟ್ಟಲು ಮರಕ್ಕೆ ತಗುಲಿ ತುಸು ಮೇಲೇಳುತ್ತದೆ. ನಿಂತಾಗ ಸರಿಯಾಗಿದ್ದ ಕಾಪು ಗುಂಡು ಹೊಡೆಯುವ ಗಳಿಗೆಯಲ್ಲಿಯೇ ಸಡಿಲವಾಗುತ್ತದೆ. ಆಗ ಕೈಹಿಡಿಯುವುದು ಒಳಗಿನ ಪ್ಲಗ್. ಆದರೆ ಎರಡು ಸೇರಿದಾಗ ಲೆಕ್ಕ ಕೂಡುವುದಿಲ್ಲ ಎಂಬುದನ್ನು ನೆನಪಿಡಿರಿ. ಪ್ಲಗ್ 30, ಮಫ್ 25, ಒಟ್ಟು 55 ಡೆಸಿಬೆಲ್ ಎಂದು ಕೂಡಿಸಬಾರದು. ಎರಡರಲ್ಲಿ ಮೇಲಾದುದಕ್ಕಿಂತ ಸುಮಾರು 5 ಡೆಸಿಬೆಲ್ ಮಾತ್ರ ಹೆಚ್ಚು ದೊರೆಯುತ್ತದೆ. ಏಕೆಂದರೆ ಕಿವಿಯನ್ನು ಎಷ್ಟು ಬಿಗಿದರೂ ತಲೆಬುರುಡೆಯ ಮೂಳೆಗಳ ಮೂಲಕ ಸದ್ದು ಒಳಗಿವಿಯನ್ನು ಸೇರುತ್ತಲೇ ಇರುತ್ತದೆ. ಐದೇ ಡೆಸಿಬೆಲ್ಲಿಗಾಗಿ ಇಷ್ಟು ಪಾಡೇ ಎನ್ನಬೇಡಿರಿ. ಕನ್ನಡಕದ ಕಡ್ಡಿಯ ಸಂದಿನಿಂದ ಮೂರು ಡೆಸಿಬೆಲ್ ಸೋರಿದರೂ ಕಿವಿಗೆ ಬಡಿಯುವ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ.

ಇದನ್ನೆಲ್ಲ ಕೇಳುತ್ತ ನಿಂತಿದ್ದಾಗ ನನಗೆ ತೀರ್ಥಹಳ್ಳಿಯ ಕಡೆಯ ನಮ್ಮ ಊರೂ, ನಮ್ಮ ದೊಡ್ಡಪ್ಪನೂ ನೆನಪಾದರು. ಮಲೆನಾಡಿನಲ್ಲಿ ಬೆಳೆ ಕಾಯುವ ರೈತರ ಮನೆಯಲ್ಲಿ ಪರವಾನಗಿಯ ಕೋವಿ ಇರುವುದು ಹೊಸದಲ್ಲ. ದೊಡ್ಡಪ್ಪನದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಹಿಂಬದಿಯಲ್ಲಿ ಕೇಪು ಇಟ್ಟು ಹೊಡೆಯುವಂತಹದು. ಬತ್ತ ಹಾಲು ಕಟ್ಟುವ ಕಾಲದಲ್ಲಿ ಅವರು ರಾತ್ರಿಯಿಡೀ ಗದ್ದೆಯಂಚಿನ ಮಾಳದಲ್ಲಿ ಕುಳಿತಿದ್ದು, ಹಂದಿಗಳು ಇಳಿದ ಸದ್ದಾದರೆ ಆಕಾಶಕ್ಕೆ ಬೆದರು ಈಡು ಹೊಡೆಯುತ್ತಿದ್ದರು. ಅದರ ಸದ್ದು ನಮ್ಮ ಮಕ್ಕಳ ರೈಫಲ್ಲಿನದಕ್ಕಿಂತ ಬಹಳ ದೊಡ್ಡದು. ನಾನು ಚಿಕ್ಕವನಾಗಿದ್ದಾಗ ಒಂದು ಸಲ ಕೇಪಿನ ತುಣುಕು ಸಿಡಿದು ಅವರ ಬಲಗಣ್ಣಿನ ಕೆಳಗೆ, ಒಂದು ಬೆರಳಿನಷ್ಟು ಅಂತರದಲ್ಲಿ, ನಾಟಿಕೊಂಡಿತು. ರಕ್ತ ಸುರಿಯಿತು, ಮನೆಯಲ್ಲಿ ಹುಯ್ಯಲೆದ್ದಿತು, ದೊಡ್ಡಮ್ಮ ದೇವರಿಗೆ ಹರಕೆ ಹೊತ್ತರು. ಮರುವಾರವೇ ದೊಡ್ಡಪ್ಪ ಪೇಟೆಯಿಂದ ಮೋಟಾರು ಸೈಕಲ್ಲಿನವರು ಹಾಕುವಂತಹ ಒಂದು ಕನ್ನಡಕವನ್ನು ತಂದರು. ಅದಾದಮೇಲೆ ಆ ಕನ್ನಡಕವಿಲ್ಲದೆ ಅವರು ಎಂದೂ ಕೋವಿಯನ್ನು ಮುಟ್ಟಲಿಲ್ಲ.

ಕಿವಿಗೆ ಮಾತ್ರ ಅವರು ಏನನ್ನೂ ಮಾಡಿಕೊಳ್ಳಲಿಲ್ಲ. ಈಡು ಹೊಡೆದ ರಾತ್ರಿ ಕಿವಿಯಲ್ಲಿ ಗುಂಯ್‌ಗುಡುವುದು, ಬೆಳಗಾಗುವಷ್ಟರಲ್ಲಿ ಅದು ಅಡಗುವುದು. ಇದರಲ್ಲಿ ಹೆದರತಕ್ಕದ್ದೇನೆಂದು ಅವರೂ ಕೇಳಲಿಲ್ಲ, ಮನೆಯವರೂ ಕೇಳಲಿಲ್ಲ. ಕಣ್ಣಿನ ಗಾಯ ರಕ್ತ ಸುರಿಸಿ ಊರನ್ನೆಲ್ಲ ಕರೆಯಿತು. ಕಿವಿಯ ಗಾಯಕ್ಕೆ ರಕ್ತವಿಲ್ಲ, ನೋವಿಲ್ಲ. ಅದು ಇಪ್ಪತ್ತು ವರ್ಷ ಸದ್ದಿಲ್ಲದೆ ನಡೆಯಿತು. ಕೊನೆಗೆ ಒಂದು ದಿನ ಗುಂಯ್‌ಗುಡುವಿಕೆ ಬೆಳಗಾದರೂ ಅಡಗಲಿಲ್ಲ. ವೈದ್ಯರು ಪರೀಕ್ಷಿಸಿ, ಎಡಗಿವಿ ಬಲಗಿವಿಗಿಂತ ಹೆಚ್ಚು ಕೆಟ್ಟಿದೆಯೆಂದು ಹೇಳಿ, ತಾವು ಕೋವಿ ಹಿಡಿಯುವವರೇ ಎಂದು ತಾವಾಗಿಯೇ ಕೇಳಿದರಂತೆ. ಬಲಭುಜಕ್ಕೆ ಕೋವಿಯನ್ನಾನಿಸುವವನ ಎಡಗಿವಿ ನಳಿಗೆಯ ಬಾಯಿಗೆ ಎದುರಾಗಿರುತ್ತದೆ. ಬಲಗಿವಿಗೆ ತಲೆಯೇ ಕೊಂಚ ಮರೆಯಾಗುತ್ತದೆ. ಕಿವಿಯ ಲೆಕ್ಕವನ್ನು ನೋಡಿಯೇ ಅವರು ಕೋವಿಯನ್ನು ಕಂಡುಹಿಡಿದಿದ್ದರು.

ಕನ್ನಡ ಕಲಿಸುವವನಾದ ನನಗೆ ಅಲ್ಲಿಂದ ಮುಂದಿನದೇ ಹೆಚ್ಚು ದುಃಖದ ಸಂಗತಿ. ಬಂದೂಕಿನ ಸದ್ದು ಎಲ್ಲ ಸ್ವರಗಳನ್ನೂ ಒಟ್ಟಿಗೆ ಕದಿಯುವುದಿಲ್ಲ. ಸೆಕೆಂಡಿಗೆ ಸುಮಾರು 4,000 ಸಲ ಕಂಪಿಸುವ ಕೀಚಲು ನಾದಗಳನ್ನು ಗ್ರಹಿಸುವ ರೋಮಕೋಶಗಳನ್ನು ಅದು ಮೊದಲು ಕೊಲ್ಲುತ್ತದೆ. ನಮ್ಮ ಭಾಷೆಯಲ್ಲಿ ಅ, ಆ, ಓ ಮೊದಲಾದ ಸ್ವರಗಳು ದಪ್ಪ ನಾದದವು; ಅವು ಉಳಿಯುತ್ತವೆ. ಸ, ಶ, ಷಗಳು ಮೊದಲು ಹೋಗುತ್ತವೆ. ಕ, ತ, ಪಗಳ ಸೂಕ್ಷ್ಮವಾದ ಮಿಡಿತವೂ ಹ ಎಂಬ ಉಸಿರೂ ಅವುಗಳ ಹಿಂದೆ ಮಸುಕಾಗುತ್ತವೆ. ಸಾಲು, ಹಾಲು, ಕಾಲು, ಪಾಲು ಎಲ್ಲವೂ ‘ಆಲು’ ಆಗಿಬಿಡುತ್ತವೆ. ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಇದನ್ನರಿಯದ ಜನ, ಇವರಿಗೆ ಬೇಕಾದುದು ಕೇಳಿಸುತ್ತದೆ, ಬೇಡವಾದಾಗ ಮಾತ್ರ ಕಿವುಡು ಎಂದು ಆಡಿಕೊಳ್ಳುವರು. ದೊಡ್ಡಪ್ಪನಿಗೆ ತಾಳಮದ್ದಲೆಯೆಂದರೆ ಪ್ರಾಣ. ಭಾಗವತರ ಹಾಡೂ ಮದ್ದಲೆಯೂ ಕೇಳಿಸುತ್ತಿದ್ದವು. ಅರ್ಥಧಾರಿಗಳ ಮಾತು ಹಿಡಿಯಲಾಗದೆ ಎಲ್ಲರೂ ನಕ್ಕಾಗ ತಾವು ಸುಮ್ಮನೆ ಕುಳಿತಿರಬೇಕಾಯಿತು. ಮೆಲ್ಲಗೆ ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಮಲೆನಾಡಿನ ಸಂಜೆಯ ಜೀರುಂಡೆಗಳ ಕೂಗು ಈಗ ಅವರಿಗೆ ಕೇಳಿಸದು. ಕಿವಿಯೊಳಗಿನ ಜೀರುಂಡೆಯೊಂದು ಮಾತ್ರ ಹಗಲಿರುಳೂ ಕೂಗುತ್ತಿರುತ್ತದೆ. ಮಕ್ಕಳು ಶ್ರವಣಯಂತ್ರವನ್ನು ಕೊಡಿಸಿದ್ದಾರೆ. ಅದು ಸದ್ದನ್ನು ದೊಡ್ಡದು ಮಾಡುತ್ತದೆ; ಸತ್ತ ರೋಮಕೋಶಗಳ ಕೆಲಸವನ್ನು ಅದು ಮಾಡಲಾರದು.

ಹಿಂದಿನ ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ಜಗಲಿಯಲ್ಲಿ ಅವರ ಮೊಮ್ಮಗಳು ಶಾಲೆಯ ಸುದ್ದಿಯೊಂದನ್ನು ಹೇಳುತ್ತಿದ್ದಳು. “ಎಂತ ಅಂದೆ ಮಗಾ?” ಎಂದು ಅಜ್ಜ ಎರಡು ಸಲ ಕೇಳಿದರು. ಹುಡುಗಿ ಎರಡು ಸಲ ಹೇಳಿದಳು. ಮೂರನೆಯ ಸಲ ಕೇಳಿದಾಗ, “ಎಂತ ಇಲ್ಲ ಅಜ್ಜಯ್ಯ,” ಎಂದು ಎದ್ದುಹೋದಳು. ಅವಳದೇನೂ ತಪ್ಪಲ್ಲ, ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ಆದರೆ ‘ಎಂತ ಇಲ್ಲ’ ಎಂಬ ಆ ಎರಡು ಮಾತು ದೊಡ್ಡಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತೆಂಬುದನ್ನು ಅವರ ಮುಖವೇ ಹೇಳುತ್ತಿತ್ತು. ಕಿವಿ ಕೆಟ್ಟ ಮನುಷ್ಯನ ಮನೆಯಲ್ಲಿ ಇದ್ದ ಮಾತೆಲ್ಲ ಕ್ರಮೇಣ ‘ಏನಿಲ್ಲ’ವಾಗುತ್ತದೆ. ಕಣ್ಣು ಹೋದರೆ ವಸ್ತುಗಳು ದೂರವಾಗುತ್ತವೆ. ಕಿವಿ ಹೋದರೆ ಮನುಷ್ಯರು ದೂರವಾಗುತ್ತಾರೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತೂಗುವ ಹಕ್ಕು ಹದಿನಾಲ್ಕು ವರ್ಷದ ಹುಡುಗನಿಗೂ ಇಲ್ಲ, ಅವನನ್ನು ಕರೆದೊಯ್ದ ಅಧ್ಯಾಪಕನಿಗೂ ಇಲ್ಲ.

ಫೈರಿಂಗ್ ರೇಂಜಿನಲ್ಲಿ ಹುಡುಗರು ಇನ್ನೆರಡು ಸಂದೇಹಗಳನ್ನು ಎತ್ತಿದರು. ಕಿವಿಯನ್ನು ಹೀಗೆ ಎರಡು ಪಟ್ಟು ಬಿಗಿದರೆ ‘ನಿಲ್ಲಿಸು’ ಎಂಬ ಅಪ್ಪಣೆ ಕೇಳಿಸುವುದು ಹೇಗೆ ಎಂಬುದು ಮೊದಲನೆಯದು. ಒಳ್ಳೆಯ ಸಂದೇಹವೇ. ಪ್ಲಗ್ಗೂ ಮಫ್ಫೂ ಸದ್ದನ್ನು ತಗ್ಗಿಸುತ್ತವೆಯೇ ಹೊರತು ಅಳಿಸಿಬಿಡುವುದಿಲ್ಲ. ಸೀಟಿಯ ಧ್ವನಿ ಕೇಳಿಸುತ್ತದೆ. ಅದರ ಮೇಲೆ ಹವಾಲ್ದಾರರು ಕೈಸನ್ನೆಗಳನ್ನು ಮೊದಲೇ ಕಲಿಸಿ, ಪ್ರತಿ ಚಾಪೆಯ ಹಿಂದೆ ಒಬ್ಬ ಹುಡುಗನನ್ನು ನಿಲ್ಲಿಸಿ, ಸನ್ನೆಯಾದೊಡನೆ ಮಲಗಿದವನ ಹೆಗಲನ್ನು ಮುಟ್ಟುವಂತೆ ಏರ್ಪಡಿಸಿದರು. ಮೆಲುದನಿಯನ್ನು ಒಳಗೆ ಬಿಟ್ಟು ಸಿಡಿತದ ಸದ್ದನ್ನು ಮಾತ್ರ ತಡೆಯುವ ವಿದ್ಯುತ್ ಮಫ್‌ಗಳೂ ಈಗ ಬಂದಿವೆ, ಅವು ದುಬಾರಿ. ಹೆಗಲು ಮುಟ್ಟುವುದಕ್ಕೆ ಖರ್ಚಿಲ್ಲ. ಹಿಂದೆ ನಿಂತವನಿಗೂ ಕಣ್ಣು ಕಿವಿಗಳಿವೆಯಾದುದರಿಂದ ಅವನಿಗೂ ಎರಡು ಕಾಪುಗಳೂ ಕಡ್ಡಾಯ.

ಎರಡನೆಯ ಸಂದೇಹ ಮೊಬೈಲಿನಿಂದ ಬಂದದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೇಚ್ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಯಾವ ಸಲಕರಣೆಯೂ ಇಲ್ಲದೆ ಬೆಳ್ಳಿಯ ಪದಕವನ್ನು ಗೆದ್ದರಲ್ಲ ಎಂದು ಹುಡುಗರು ಕೇಳಿದರು. ಆ ಚಿತ್ರವನ್ನು ನಾನೂ ನೋಡಿದ್ದೆನು. ದಿಕೇಚ್ ಸ್ಪರ್ಧಿಸಿದ್ದು ಏರ್ ಪಿಸ್ತೂಲಿನಲ್ಲಿ. ಅದರಲ್ಲಿ ಮದ್ದು ಸಿಡಿಯುವುದಿಲ್ಲ, ಒತ್ತಿದ ಗಾಳಿ ಗುಂಡನ್ನು ತಳ್ಳುತ್ತದೆ. ಅಷ್ಟಾದರೂ ಅವರ ಕಣ್ಣಿಗೆ ಕನ್ನಡಕವಿತ್ತು, ಕಿವಿಯಲ್ಲಿ ಪುಟ್ಟ ಪ್ಲಗ್‌ಗಳಿದ್ದವು. ನೋಡುವವರ ಕಣ್ಣು ಜೇಬಿನ ಕೈಯ ಮೇಲೆ ನಿಂತಿತು. ಅದೇ ಒಲಿಂಪಿಕ್ಸ್‌ನಲ್ಲಿ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ಲಿನಲ್ಲಿ ಕಂಚನ್ನು ಗೆದ್ದರು. ಆ ಸ್ಪರ್ಧೆಯ ರೈಫಲ್ ನಿಮ್ಮ ಪಾಯಿಂಟ್ ಟೂ ಟೂ ಅಳತೆಯದೇ. ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮಗಳು ಸ್ಪರ್ಧಿಗಳಿಗೆ ಕಿವಿಯ ಕಾಪನ್ನೂ ಒಡೆಯದ ಕನ್ನಡಕವನ್ನೂ ಒತ್ತಿ ಹೇಳುತ್ತವೆ. ಗುಂಡು ಹೊಡೆಯುವ ಸಾಲಿನ ಬಳಿ ನಿಂತ ಇತರರೂ ಕಿವಿಯನ್ನು ಕಾಪಾಡಿಕೊಳ್ಳಬೇಕೆನ್ನುತ್ತವೆ.

ರೇಂಜಿಗೆ ಎಂದೂ ಹೋಗದವರು, ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ಮಗುಚಬೇಡಿರಿ. ನಮ್ಮ ಚಾಳುಗಳ ಓಣಿಯಲ್ಲಿ ದೀಪಾವಳಿಯ ಪಟಾಕಿ ಎರಡು ಗೋಡೆಗಳ ನಡುವೆ ಸಿಡಿಯುತ್ತದೆ. 1999ರಲ್ಲಿ ಹೊರಟ ಸರಕಾರದ ನಿಯಮದಂತೆ ಪಟಾಕಿಯ ಸದ್ದಿನ ತುದಿ ನಾಲ್ಕು ಮೀಟರ್ ದೂರದಲ್ಲಿ 145 ಡೆಸಿಬೆಲ್ಲನ್ನು ಮೀರಬಾರದು. ನಾಲ್ಕು ಮೀಟರ್ ದೂರದಲ್ಲಿ ಎಂಬುದನ್ನು ಗಮನಿಸಿರಿ. ಊದುಬತ್ತಿ ಹಿಡಿದು ಬಗ್ಗಿದವನು ಇರುವುದು ಒಂದು ಮೀಟರಿನಲ್ಲಿ. ಅವನ ತಾಯಿ ಕಣ್ಣು ಜೋಕೆ ಎನ್ನುತ್ತಾಳೆ. ಕಿವಿ ಜೋಕೆ ಎಂದವರನ್ನು ನಾನು ಈ ವರೆಗೆ ಕಂಡಿಲ್ಲ.

ಅಂದು ನಮ್ಮ ಹುಡುಗರು ಹತ್ತು ಮಂದಿ, ಚಾಪೆಗಳೂ ಹತ್ತು, ಪೆಟ್ಟಿಗೆಯಲ್ಲಿ ರಕ್ಷಣೆಯ ಕನ್ನಡಕಗಳೂ ಬೇಕಾದಷ್ಟಿದ್ದವು. ಹಿಂದೆ ನಿಲ್ಲುವವರಿಗೆಂದು ತೆಗೆದಿಟ್ಟ ಮೇಲೆ ಮಫ್‌ಗಳು ಎಂಟೇ ಉಳಿದವು. ಮಿಕ್ಕ ಇಬ್ಬರು ತಮಗೆ ಹತ್ತಿಯಾದರೂ ಸಾಕೆಂದು ಗೋಗರೆದರು. ಹತ್ತಿಯಿಂದ ಸದ್ದು ನಿಲ್ಲದೆಂದು ಹವಾಲ್ದಾರರು ಎರಡು ಚಾಪೆಗಳನ್ನು ಸುರುಳಿ ಸುತ್ತಿ ಬದಿಗಿಟ್ಟರು. ಎಂಟು ಮಂದಿ ಐದೈದು ಗುಂಡು ಹೊಡೆದು, ರೈಫಲ್ಲುಗಳನ್ನು ಖಾಲಿ ಮಾಡಿ ಕೆಳಗಿಟ್ಟು, ಅಪ್ಪಣೆಯಾದ ಮೇಲೆ ಎದ್ದರು. ಅನಂತರ ಆ ಇಬ್ಬರು ಎರಡೆರಡು ಕಾಪುಗಳನ್ನೂ ಧರಿಸಿ ಚಾಪೆಯ ಮೇಲೆ ಮಲಗಿದರು. ಅವರಿಗಾಗಿ ನಾವೆಲ್ಲ ಕಾದದ್ದು ಅರ್ಧ ಗಂಟೆ. ಮುಂದಿನ ವರ್ಷ ನಿಮ್ಮಲ್ಲಿ ಯಾರು ಹೋದರೂ ಮೊದಲು ಪೆಟ್ಟಿಗೆಯಲ್ಲಿ ಎಣಿಸಿ ನೋಡಿರಿ. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಚಾಪೆಗಳನ್ನು ಹಾಸಿರಿ.